ಈಜುಕೊಳಕ್ಕೆ ಮೊದಲು ಬೇಕಾದದ್ದು ಹೀಟರೋ, ಹೊದಿಕೆಯೋ?



ಈ ಸಲದ ತಲೆಬರಹವನ್ನು ಕಂಡು ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಒಂದು ಕೊಡ ನೀರಿಗಾಗಿ ಟ್ಯಾಂಕರಿನ ಹಿಂದೆ ಓಡಿದ ನಾಡು ನಮ್ಮದು. ಅಂಥ ನಾಡಿನಲ್ಲಿ ಈಜುಕೊಳದ ನೀರನ್ನು ಕಾಯಿಸುವ ಬಗೆ ಯಾವುದು ಎಂದು ನಿವೃತ್ತ ವಿಜ್ಞಾನ ಶಿಕ್ಷಕನೊಬ್ಬ ಬರೆಯಲು ಕುಳಿತರೆ, ಮಾಸ್ತರರಿಗೆ ವಯಸ್ಸಾಯಿತು ಎಂದು ನೀವು ತಿಳಿದರೂ ತಪ್ಪಲ್ಲ. ಆದರೆ ಕಳೆದ ಎರಡು ಚಳಿಗಾಲಗಳಲ್ಲಿ ನನ್ನ ಮೂವರು ಹಳೆಯ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಒಬ್ಬನು ವಿಜಯಪುರ ನಗರದಲ್ಲಿ ಹೊಸ ಮನೆ ಕಟ್ಟಿಸಿದವನು. ಇನ್ನಿಬ್ಬರು ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು. ಮೂವರಿಗೂ ಬೇರೆ ಬೇರೆಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆದಿಡುವುದು ಮೇಲೆಂದು ತೋರಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಹೊದಿಕೆಯಿಲ್ಲದ ಈಜುಕೊಳಕ್ಕೆ ಹೀಟರ್ ಹಾಕುವುದೆಂದರೆ ನೀರನ್ನು ಗಾಳಿಗೆ ತೂರುವ ಯಂತ್ರವೊಂದನ್ನು ಹಣ ಕೊಟ್ಟು ತಂದಂತೆ. ಯಾವ ಕಂಪನಿಯ ಹೀಟರ್, ಎಷ್ಟು ಕಿಲೋವ್ಯಾಟ್, ವಿದ್ಯುತ್ತಿನದೋ ಅನಿಲದ್ದೋ ಎಂಬ ಚರ್ಚೆಯೆಲ್ಲ ಆಮೇಲಿನದು.

ಈ ಮಾತಿಗೆ ಕಾರಣನಾದ ತಿಕೋಟಾದ ಶಿಷ್ಯನ ಸಂಗತಿಯನ್ನು ಸ್ವಲ್ಪ ಹೇಳಬೇಕು. ತೋಟದ ಮನೆಯ ಮುಂದೆ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳವೊಂದನ್ನು ಅವನು ಕಟ್ಟಿಸಿದ್ದಾನೆ. ಮಕ್ಕಳ ಆಸೆ ಒಂದು ಕಡೆಯಾದರೆ, ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ತಾಯಿಗೆ ನೀರಿನಲ್ಲಿ ನಿಂತು ವ್ಯಾಯಾಮ ಮಾಡಲು ವೈದ್ಯರು ಹೇಳಿದ್ದು ಇನ್ನೊಂದು ಕಡೆ. ಡಿಸೆಂಬರ್ ಬಂತು, ತಾಯಿ ಕೊಳದ ಕಡೆ ಹೋಗುವುದನ್ನೇ ಬಿಟ್ಟರು. "ಸರ, ನೀರು ಭಾಳ ಥಂಡ ಆಗ್ತಾವ್ರಿ. ಅವ್ವ ಕಾಲ ಇಡಾಕೂ ಒಲ್ಲೆ ಅಂತಾಳ. ಹದಿನೆಂಟು ಕಿಲೋವ್ಯಾಟಿನ ಹೀಟರ್ ಹಾಕಸ್ರಿ ಅಂತ ಒಬ್ರು ಕೊಟೇಶನ್ ಕೊಟ್ಟಾರ. ಏನ ಮಾಡೂಣ್ರಿ?" ಎಂದು ಫೋನಿನಲ್ಲಿ ಕೇಳಿದ. ಕೊಟೇಶನ್ನಿನ ಮೊತ್ತವನ್ನು ನಾನು ಕೇಳಲಿಲ್ಲ. ನೀರಿನ ಉಷ್ಣತೆ ಎಷ್ಟಿದೆ ಎಂದು ಕೇಳಿದೆ. ಅಳೆದಿರಲಿಲ್ಲ. ಎಂಟನೆಯ ತರಗತಿಯಲ್ಲಿ ಉಷ್ಣಮಾಪಕವನ್ನು ಓದುವುದು ಕಲಿತವನು! ಮರುದಿನ ಅಳೆದು ಹೇಳಿದ: ಬೆಳಗ್ಗೆ 22 ಡಿಗ್ರಿ ಸೆಲ್ಸಿಯಸ್.

ಈಗ ಆ ಕೊಳವನ್ನೇ ಕರಿಹಲಗೆಯಾಗಿ ಮಾಡಿಕೊಂಡು ಒಂದಿಷ್ಟು ಲೆಕ್ಕ ಮಾಡೋಣ. ನಿಮ್ಮಲ್ಲಿ ಹಲವರಿಗೆ ವಿಶಿಷ್ಟೋಷ್ಣದ ಪಾಠ ನೆನಪಿರಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಅವನ ಕೊಳದಲ್ಲಿರುವುದು 40 ಘನಮೀಟರ್, ಅಂದರೆ 40,000 ಲೀಟರ್ ನೀರು. ಅದನ್ನು 22ರಿಂದ ಈಜಲು ಹಿತವೆನಿಸುವ 28 ಡಿಗ್ರಿಗೆ ಏರಿಸಲು ಹತ್ತು ಲಕ್ಷ ಕಿಲೋಜೂಲಿಗಿಂತ ತುಸು ಹೆಚ್ಚು ಶಾಖ ಬೇಕಾಗುತ್ತದೆ. ವಿದ್ಯುತ್ತಿನ ಒಂದು ಯೂನಿಟ್ಟಿಗೆ 3,600 ಕಿಲೋಜೂಲ್. ಆದ್ದರಿಂದ ಬೇಕಾದದ್ದು 280 ಯೂನಿಟ್. ಇದು ಒಂದೇ ಒಂದು ಸಲ ಏರಿಸುವುದಕ್ಕೆ, ಅದೂ ಕಾಯುವ ಹೊತ್ತಿನಲ್ಲಿ ಶಾಖ ಸ್ವಲ್ಪವೂ ಹೊರಗೆ ಹೋಗಲಿಲ್ಲ ಎಂದು ಹಿಡಿದಾಗ. ಹೋಲಿಕೆಗೆ ಹೇಳುವುದಾದರೆ, 2023ರಲ್ಲಿ ರಾಜ್ಯದಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಇಡೀ ತಿಂಗಳಿಗೆ ಇಟ್ಟ ಮಿತಿ 200 ಯೂನಿಟ್. ಬಚ್ಚಲುಮನೆಯ ಮೂರು ಕಿಲೋವ್ಯಾಟಿನ ಗೀಸರಿನಿಂದ ಈ ಕೆಲಸ ಮಾಡಿಸಲು ಹೊರಟರೆ ಹೆಚ್ಚುಕಡಿಮೆ ನಾಲ್ಕು ದಿನ ಹಗಲೂ ರಾತ್ರಿ ಅದು ಉರಿಯಬೇಕು. ಅಷ್ಟರಲ್ಲಿ ಮೊದಲ ದಿನ ಕೊಟ್ಟ ಶಾಖವೆಲ್ಲ ಎತ್ತಲೋ ಹೋಗಿರುತ್ತದೆ.

ಎತ್ತ ಹೋಗುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ. ಬಹಳ ಜನ ತಿಳಿದಿರುವುದು, ಶಾಖವು ಕೊಳದ ತಳದ ಮಣ್ಣಿಗೂ ಪಕ್ಕದ ಗೋಡೆಗೂ ಇಳಿದುಹೋಗುತ್ತದೆ ಎಂದು. ಅಲ್ಲಿಗೆ ಹೋಗುವ ಭಾಗ ಚಿಕ್ಕದು. ದೊಡ್ಡ ಭಾಗ ಹೋಗುವುದು ಮೇಲ್ಮೈಯಿಂದ, ಆವಿಯ ರೂಪದಲ್ಲಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಬೇಕು. ಇದನ್ನೇ ನಾವು ಗುಪ್ತೋಷ್ಣ ಎಂದು ಓದಿದ್ದು. ಆ ಶಾಖವನ್ನು ಆ ಲೀಟರು ಉಳಿದ ನೀರಿನಿಂದಲೇ ಕಿತ್ತುಕೊಂಡು ಹೋಗುತ್ತದೆ. ಹೀಗೆ ಹಾರಿಹೋಗುವ ಪ್ರತಿಯೊಂದು ಲೀಟರೂ ಹಿಂದೆ ಉಳಿದ ಸುಮಾರು 580 ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ತಣಿಸಿ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಗಳ ಮಣ್ಣಿನ ಹರವಿಯಲ್ಲಿ ನೀರು ತಂಪಾಗುವುದು ಈ ಕಾರಣದಿಂದಲೇ. ತೆರೆದ ಈಜುಕೊಳವೆಂದರೆ ಬಾಯಿ ಮುಚ್ಚದ ಬಹು ದೊಡ್ಡದೊಂದು ಹರವಿ. ಹರವಿಯನ್ನು ತಂಪಿಗಾಗಿ ಇಟ್ಟು, ಅದರೊಳಗೇ ಕಾಯಿಲ್ ಇಳಿಬಿಟ್ಟು ಬಿಸಿ ಮಾಡಲು ಹೊರಟರೆ ಹೇಗಿರುತ್ತದೆಯೋ ನೋಡಿ.

ಎಷ್ಟು ನೀರು ಹೀಗೆ ಹೋಗುತ್ತಿದೆ ಎಂದು ತಿಳಿಯಲು ಶಿಷ್ಯನಿಗೆ ಒಂದು ಸರಳ ಪ್ರಯೋಗ ಹೇಳಿದೆ. ಒಂದು ಬಕೆಟ್ಟಿನಲ್ಲಿ ಕೊಳದ ನೀರನ್ನೇ ತುಂಬಿ ಕೊಳದ ಮೆಟ್ಟಿಲ ಮೇಲೆ ಇಡಬೇಕು. ಒಳಗಿನ ನೀರಿನ ಮಟ್ಟಕ್ಕೂ ಹೊರಗಿನ ಮಟ್ಟಕ್ಕೂ ಒಂದೊಂದು ಗುರುತು ಹಾಕಬೇಕು. ಪಂಪು ನಿಲ್ಲಿಸಿ, ಯಾರೂ ಇಳಿಯದಂತೆ ನೋಡಿಕೊಂಡು, ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಬೇಕು. ಎರಡೂ ಒಂದೇ ಅಳತೆಗೆ ಇಳಿದಿದ್ದರೆ ನೀರು ಹೋದದ್ದು ಗಾಳಿಗೆ. ಕೊಳದ ಮಟ್ಟ ಹೆಚ್ಚು ಇಳಿದಿದ್ದರೆ ಎಲ್ಲಿಯೋ ಸೋರಿಕೆಯಿದೆ. ಆಗ ಹೀಟರ್ ಮಾರುವವರನ್ನಲ್ಲ, ಗೌಂಡಿಯನ್ನು ಕರೆಸಬೇಕು. ಇವನ ಕೊಳದಲ್ಲಿ ಎರಡೂ ಅರ್ಧ ಸೆಂಟಿಮೀಟರಿನಷ್ಟು ಇಳಿದಿದ್ದವು. "ಇಷ್ಟ ಸರ, ಅರ್ಧ ಸೆಂಟಿಮೀಟರ್" ಎಂದ, ಏನೂ ಅಲ್ಲವೆಂಬಂತೆ.

ಅರ್ಧ ಸೆಂಟಿಮೀಟರನ್ನು 32 ಚದರ ಮೀಟರಿನಿಂದ ಗುಣಿಸಿದರೆ 160 ಲೀಟರ್. ಶಾಖದ ಲೆಕ್ಕದಲ್ಲಿ ಸುಮಾರು 108 ಯೂನಿಟ್. ಇಡೀ ಕೊಳವನ್ನು 2.3 ಡಿಗ್ರಿ ತಣಿಸುವಷ್ಟು. ನೀರಿನ ಲೆಕ್ಕದಲ್ಲಿ ತಿಂಗಳಿಗೆ 4,800 ಲೀಟರ್, ಅಂದರೆ ಹೆಚ್ಚುಕಡಿಮೆ 5,000 ಲೀಟರಿನ ಒಂದು ಟ್ಯಾಂಕರ್. ಇದು 22 ಡಿಗ್ರಿಯ ತಣ್ಣೀರಿನ ಮಾತು. ನೀರನ್ನು 28ಕ್ಕೆ ಏರಿಸಿದಾಗ ಆವಿಯಾಗುವ ವೇಗವೂ ಏರುತ್ತದೆ. ನಮ್ಮ ಚಳಿಗಾಲದ ಒಣಹವೆಯಲ್ಲಿ ಅದು ಒಂದೂವರೆ ಪಟ್ಟಿನಿಂದ ಇಮ್ಮಡಿಯವರೆಗೂ ಹೋಗಬಹುದು. ಒಂದೂವರೆ ಪಟ್ಟು ಎಂದೇ ಹಿಡಿಯಿರಿ. ಆಗ ದಿನಕ್ಕೆ 240 ಲೀಟರ್, ತಿಂಗಳಿಗೆ 7,200 ಲೀಟರ್, ಒಂದೂವರೆ ಟ್ಯಾಂಕರ್. ಹೀಟರ್ ಹೆಚ್ಚು ದುಡಿದಷ್ಟೂ ನೀರು ಹೆಚ್ಚು ಹಾರುತ್ತದೆ. ಹೆಚ್ಚು ಹಾರಿದಷ್ಟೂ ಹೀಟರ್ ಇನ್ನೂ ದುಡಿಯಬೇಕಾಗುತ್ತದೆ. ಹೊದಿಕೆಯಿಲ್ಲದ ಹೀಟರ್ ನೀರನ್ನು ಗಾಳಿಗೆ ತೂರುವ ಯಂತ್ರವೆಂದು ನಾನು ಹೇಳಿದ್ದು ಇದನ್ನೇ.

ತಿಕೋಟಾ, ಬಬಲೇಶ್ವರ ಭಾಗದವರಿಗೆ ಟ್ಯಾಂಕರ್ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ದ್ರಾಕ್ಷಿ ಬಳ್ಳಿಯನ್ನು ಉಳಿಸಿಕೊಳ್ಳಲು ಸಾಲ ಮಾಡಿ ಟ್ಯಾಂಕರ್ ನೀರು ಹಾಕಿಸಿದ ಬೇಸಿಗೆಗಳು ಪ್ರತಿಯೊಬ್ಬ ಬೆಳೆಗಾರನ ಮನೆಯಲ್ಲಿಯೂ ಇವೆ. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ, ಕೆರೆಗಳಿಗೆ ನೀರು ತುಂಬಿಸಿದ್ದಾರೆ, ಅಂತರ್ಜಲ ಮೇಲೆದ್ದಿದೆ ಎಂದು ಜನ ಧೈರ್ಯ ತಾಳಿದ್ದಾರೆ. ಧೈರ್ಯ ಇರಲಿ. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವೇ ಘೋಷಿಸಬೇಕಾಗಿ ಬಂದದ್ದು ನಿನ್ನೆ ಮೊನ್ನೆಯ ಮಾತು.

ಹಾಗಾದರೆ ಈ ನೆಲದಲ್ಲಿ ಈಜುಕೊಳವೇ ಬೇಡವೆಂದು ಹೇಳಬೇಕಾಗುತ್ತದೆಯಲ್ಲವೇ ಎಂದು ನನ್ನ ಬಂಧುಗಳೊಬ್ಬರು ವಾದಿಸಿದರು. ಅದನ್ನು ನಾನು ಒಪ್ಪುವುದಿಲ್ಲ. ನಾವೆಲ್ಲ ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಸು ಕಲಿತವರು. ಆ ಬಾವಿಗಳಲ್ಲಿ ಬಹಳಷ್ಟು ಒಣಗಿ ಹೋದವು, ಇನ್ನು ಕೆಲವನ್ನು ಮುಚ್ಚಿದರು. ಅವುಗಳ ಬದಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳು ಬಂದಿವೆ. ಅವುಗಳ ಏರಿ ಎಷ್ಟು ಜಾರುತ್ತದೆಂದರೆ ಈಜು ಬಲ್ಲವನೂ ಬಿದ್ದರೆ ಹತ್ತಿ ಬರಲಾರ. ನೀರು ಬಂದ ನಾಡಿನಲ್ಲಿ ಮಕ್ಕಳಿಗೆ ಈಸು ಬರದಿರುವುದು ಅಪಾಯ. ಕಟ್ಟಿಸುವ ಶಕ್ತಿಯಿದ್ದವರು ಒಂದು ಕೊಳ ಕಟ್ಟಿಸಿ, ಓಣಿಯ ನಾಲ್ಕು ಮಕ್ಕಳಿಗೂ ಈಸು ಕಲಿಸಿದರೆ ಅದು ಆಡಂಬರವಲ್ಲ. ಲೀಟರಿನ ಲೆಕ್ಕ ಇಡದಿರುವುದು ಆಡಂಬರ.

ಬಾವಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಚಳಿಗಾಲದ ಬೆಳಗಿನಲ್ಲಿ ಬಾವಿಯ ನೀರು ಬೆಚ್ಚಗಿರುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ನೆಲದಾಳದ ನೀರಿನ ಉಷ್ಣತೆ ವರ್ಷವಿಡೀ ಆ ಊರಿನ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಹೊರಗಿನ ಹವೆ ಹತ್ತು ಹನ್ನೆರಡು ಡಿಗ್ರಿಗೆ ಇಳಿದ ಬೆಳಗಿನಲ್ಲಿ ಬಾವಿಯೊಳಗೆ ಇಳಿದರೆ ಹಿತವಾದದ್ದು ಅದರಿಂದಲೇ. ಜೊತೆಗೆ, ಸುತ್ತಲಿನ ಕಲ್ಲಿನ ಗೋಡೆ ಗಾಳಿಯನ್ನು ಒಳಗೆ ಬಿಡುತ್ತಿರಲಿಲ್ಲ. ಗಾಳಿಯಿಲ್ಲದ ಕಡೆ ಆವಿಯೂ ಕಡಿಮೆ. ವಿಜಯಪುರಕ್ಕೆ ಆದಿಲ್‌ಶಾಹಿಗಳು ನೀರು ತಂದದ್ದು ಸಹ ಹೀಗೆಯೇ, ನೆಲದೊಳಗಿನ ಕರೇಜ್ ಸುರಂಗಗಳಲ್ಲಿ ಮತ್ತು ಹೂತಿಟ್ಟ ಕೊಳವೆಗಳಲ್ಲಿ. ಅವರು ಕುಮಟಗಿಯಲ್ಲಿ ಕಟ್ಟಿಸಿದ ಜಲಮಂಟಪಗಳಲ್ಲಿ ನೀರು ಹಾರುತ್ತಿದ್ದುದೂ ನಿಜ, ಆದರೆ ಅದು ಬೇಸಿಗೆಯ ವಿಹಾರಕ್ಕೆ, ತಂಪಾಗಲೆಂದು. ಬೆಚ್ಚಗಾಗಬೇಕಾದವರು ಕುಮಟಗಿಯ ಮಾದರಿಯನ್ನು ಹಿಡಿಯಬಾರದು, ಬಾವಿಯ ಮಾದರಿಯನ್ನು ಹಿಡಿಯಬೇಕು. ಗಾಳಿ ಬೀಸುವ ಕಡೆಗೆ ಆಳೆತ್ತರದ ಗೋಡೆಯೋ ದಟ್ಟವಾದ ಬೇಲಿಯೋ ಇರಲಿ. ತಿಕೋಟಾದ ಬಯಲಿನಲ್ಲಿ ಗಾಳಿಗೆ ಅಡ್ಡವೇ ಇಲ್ಲ.

ಇನ್ನು ಹೊದಿಕೆ. ಗಾಳಿಗುಳ್ಳೆಗಳಿರುವ ತೇಲುವ ಪ್ಲಾಸ್ಟಿಕ್ ಹಾಳೆಯನ್ನು ಕೊಳದ ಆಕಾರಕ್ಕೆ ಕತ್ತರಿಸಿ, ಗುಳ್ಳೆಯ ಮಗ್ಗುಲು ಕೆಳಗೆ ಬರುವಂತೆ ಹಾಸುತ್ತಾರೆ. ಅದನ್ನು ಸುತ್ತಿಡಲು ಒಂದು ಉರುಳೆ. ಇಷ್ಟೇ ಅದರ ಯಂತ್ರಶಾಸ್ತ್ರ. ಹೊದಿಸಿದಷ್ಟು ಹೊತ್ತು ಆವಿಯಾಗುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ತಿಳಿಬಣ್ಣದ, ಬೆಳಕು ಹಾಯುವ ಹಾಳೆಯಾದರೆ ಹಗಲಿನಲ್ಲಿ ಬಿಸಿಲನ್ನೂ ಒಳಗೆ ಬಿಡುತ್ತದೆ. ನಮ್ಮ ಭಾಗದ ಚಳಿಗಾಲದ ಬಿಸಿಲು ಸಾಮಾನ್ಯವಲ್ಲ. ಒಂದು ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಎಂದು ಹಿಡಿದರೂ 32 ಚದರ ಮೀಟರಿಗೆ 160 ಯೂನಿಟ್ ಶಾಖ ಮೇಲಿನಿಂದ ಪುಕ್ಕಟೆಯಾಗಿ ಬೀಳುತ್ತದೆ. ಹಗಲು ಸೂರ್ಯ ಕೊಟ್ಟದ್ದನ್ನು ಗಾಳಿಯೂ ಬಯಲಿನ ರಾತ್ರಿಯೂ ಒಯ್ಯುತ್ತವೆ ಎಂಬುದಷ್ಟೇ ಕೊರತೆ. ನಮ್ಮ ತಾಯಂದಿರು ಬಚ್ಚಲ ತಾಮ್ರದ ಹಂಡೆಗೆ ಹತ್ತಿಕಟ್ಟಿಗೆಯ ಉರಿ ಹಾಕುವ ಮೊದಲು ಮುಚ್ಚಳ ಹಾಕುತ್ತಿದ್ದರು. ಅವರು ಗುಪ್ತೋಷ್ಣ ಓದಿದವರಲ್ಲ. ಕಟ್ಟಿಗೆಯನ್ನು ಹೊಲದಿಂದ ತಲೆಯ ಮೇಲೆ ಹೊತ್ತು ತಂದವರು.

ಹೊದಿಕೆಯಲ್ಲಿ ಒಂದು ಅಪಾಯವಿದೆ, ಅದನ್ನು ಮಾರುವವರು ಜೋರಾಗಿ ಹೇಳುವುದಿಲ್ಲ. ಈ ಗುಳ್ಳೆಯ ಹಾಳೆ ಸುರಕ್ಷತೆಯ ಹೊದಿಕೆಯಲ್ಲ. ಅದರ ಮೇಲೆ ಕಾಲಿಟ್ಟ ಮಗು ಹಾಳೆಯ ಸಮೇತ ಒಳಗೆ ಹೋಗುತ್ತದೆ, ಮೇಲೆ ನಿಂತವರಿಗೆ ಕಾಣುವುದೂ ಇಲ್ಲ. ಆದ್ದರಿಂದ ಕೊಳದ ಸುತ್ತ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇರಲೇಬೇಕು. ಯಾರಾದರೂ ನೀರಿಗೆ ಇಳಿಯುವ ಮುನ್ನ ಹಾಳೆಯನ್ನು ಪೂರ್ತಿಯಾಗಿ ಸುತ್ತಿ ತೆಗೆಯಬೇಕು, ಅರ್ಧ ತೆಗೆದು ಅರ್ಧ ಬಿಡಬಾರದು. ನಮ್ಮ ಬಿಸಿಲಿಗೆ ಹಾಳೆ ಕೆಲವೇ ವರ್ಷಗಳಲ್ಲಿ ಜೀರ್ಣವಾಗುತ್ತದೆ ಎಂಬುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಹೊದಿಕೆ ಹಾಕಿದ ಮೇಲೂ ನೀರು ಬೇಕಾದಷ್ಟು ಬೆಚ್ಚಗಾಗಲಿಲ್ಲವೆಂದರೆ ಆಗ ಹೀಟರಿನ ಮಾತು. ಅನಿಲದ ಹೀಟರ್ ಬೇಗ ಕಾಯಿಸುತ್ತದೆ, ಅದು ಅದರ ಗುಣ. ಆದರೆ ಮೇಲಿನ 280 ಯೂನಿಟ್ ಶಾಖಕ್ಕೆ ಸುಮಾರು 26 ಕಿಲೋ ಅನಿಲ ಬೇಕು. ಒಂದು 19 ಕಿಲೋದ ವಾಣಿಜ್ಯ ಸಿಲಿಂಡರ್ ಸಾಲುವುದಿಲ್ಲ. ಅಡುಗೆಮನೆಯ ಸಿಲಿಂಡರನ್ನು ಇದಕ್ಕೆ ಬಳಸುವುದು ನಿಯಮಕ್ಕೆ ವಿರುದ್ಧ. ಈ ಆಯ್ಕೆಯನ್ನು ಇಲ್ಲಿಗೇ ಬಿಡೋಣ. ನೇರ ವಿದ್ಯುತ್ತಿನ ಹೀಟರ್, ಅಂದರೆ ಕೊಟೇಶನ್ನಿನಲ್ಲಿದ್ದದ್ದು, ಒಂದು ಯೂನಿಟ್ ತೆಗೆದುಕೊಂಡು ಒಂದು ಯೂನಿಟ್ ಶಾಖ ಕೊಡುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಇಟ್ಟುಕೊಂಡರೆ ಮೊದಲ ಸಲ ಕಾಯಿಸುವುದಕ್ಕೇ 1,960 ರೂಪಾಯಿ. ಆಮೇಲೆ ದಿನದಿನದ ನಷ್ಟ ತುಂಬುವ ಖರ್ಚು ಬೇರೆ. ಹೀಟ್ ಪಂಪ್ ಎಂಬುದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಹವೆಯಲ್ಲಿರುವ ಶಾಖವನ್ನು ನೀರಿಗೆ ಸಾಗಿಸುತ್ತದೆ. ತಂಗಳ ಪೆಟ್ಟಿಗೆಯ ಕೆಲಸವನ್ನೇ ತಿರುಗಿಸಿ ಮಾಡಿದಂತೆ. ಹಗಲಿನ ಬೆಚ್ಚನೆಯ ಹವೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ನಾಲ್ಕೈದು ಯೂನಿಟ್ ಶಾಖ ಸಿಗುತ್ತದೆ. ಐದು ಎಂದರೆ 280ರ ಜಾಗದಲ್ಲಿ 56 ಯೂನಿಟ್. ವಿಜಯಪುರದ ಚಳಿಗಾಲದ ಮಧ್ಯಾಹ್ನ 28–30 ಡಿಗ್ರಿ ಇರುವುದರಿಂದ ಈ ಯಂತ್ರಕ್ಕೆ ನಮ್ಮ ಊರು ಹೇಳಿ ಮಾಡಿಸಿದಂತಿದೆ, ಹಗಲಿನಲ್ಲಿ ಓಡಿಸಿದರೆ ಮಾತ್ರ.

ಇಲ್ಲಿ ನಮ್ಮ ಕೊಳವೆಬಾವಿಯ ನೀರಿನ ಸ್ವಭಾವವನ್ನು ಮರೆಯಬಾರದು. ಬಹುಪಾಲು ಗಡಸು ನೀರು. ಕಾಯಿಲಿನ ಮೇಲೆ ಸುಣ್ಣದಂಥ ಬಿಳಿಯ ಪದರು ಕಟ್ಟುವುದನ್ನು ಕಾಣದ ಮನೆ ವಿಜಯಪುರದಲ್ಲಿಲ್ಲ. ಕೊಳದ ನೀರು ಆವಿಯಾದಾಗ ಉಪ್ಪು, ಸುಣ್ಣ ಹಿಂದೆಯೇ ಉಳಿಯುತ್ತವೆ. ಮೇಲೆ ಮತ್ತೆ ಗಡಸು ನೀರನ್ನೇ ತುಂಬಿಸುತ್ತೇವೆ. ತಿಂಗಳು ಕಳೆದಂತೆ ನೀರು ಇನ್ನಷ್ಟು ಗಡಸಾಗುತ್ತದೆ, ಹೀಟರಿನ ಒಳಗಿನ ಕೊಳವೆಯ ಮೇಲೆ ಪದರು ಕಟ್ಟುತ್ತದೆ, ಶಾಖ ಸರಿಯಾಗಿ ದಾಟುವುದಿಲ್ಲ. ಆದ್ದರಿಂದ ಹೀಟ್ ಪಂಪ್ ಕೊಳ್ಳುವವರು ಒಳಗಿನ ಕೊಳವೆ ಟೈಟೇನಿಯಂನದೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಕ್ಲೋರಿನ್ನಿಗೂ ಉಪ್ಪಿಗೂ ಅದು ಜಗ್ಗುವುದಿಲ್ಲ. ಪದರು ಕಟ್ಟುವುದನ್ನು ಟೈಟೇನಿಯಮ್ಮೂ ತಪ್ಪಿಸಲಾರದು. ಅದನ್ನು ಕಡಿಮೆ ಮಾಡುವುದು ಮತ್ತೆ ಹೊದಿಕೆಯೇ.

ತೋಟದ ವಸ್ತಿಯಲ್ಲಿರುವವರಿಗೆ ಇನ್ನೊಂದು ತೊಡಕು. ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಕೆಲವು ಗಂಟೆ ಮಾತ್ರ, ಅದೂ ಹೊಲಕ್ಕೆ ನೀರು ಹಾಯಿಸಲು. ಹತ್ತು ಎಚ್.ಪಿ.ವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತವಾಗಿ ವಿದ್ಯುತ್ ಕೊಡುತ್ತಿದೆ. "ಪಂಪಿನ ಲೈನಿಗೇ ಹೀಟರ್ ಜೋಡಿಸಿದರ ಬಿಲ್ಲೇ ಬರಂಗಿಲ್ರಿ" ಎಂದು ಯಾರೋ ಇವನಿಗೆ ಉಪಾಯ ಹೇಳಿಕೊಟ್ಟಿದ್ದರಂತೆ. ನಾನು ಫೋನಿನಲ್ಲಿಯೇ ಗದರಿದೆ. ನೆರೆಯವನ ಜೋಳಕ್ಕೆ, ದಾಳಿಂಬೆಗೆ ಹೋಗಬೇಕಾದ ವಿದ್ಯುತ್ತಿನಲ್ಲಿ ನಾವು ಈಜುಕೊಳ ಕಾಯಿಸುವುದು ಕಳ್ಳತನ. ಅದಕ್ಕೆ ಬೇರೆ ಹೆಸರು ಕೊಡಲು ನನಗೆ ಬರುವುದಿಲ್ಲ. ಮನೆಯ ಮೀಟರಿನಿಂದಲೇ, ಹೆಸ್ಕಾಂನಿಂದ ಅಧಿಕ ಲೋಡ್ ಮಂಜೂರು ಮಾಡಿಸಿಕೊಂಡು, ಸರಿಯಾದ ಅರ್ಥಿಂಗ್ ಮತ್ತು ಸೋರುವಿದ್ಯುತ್ತನ್ನು ತಡೆಯುವ ಸ್ವಿಚ್ಚಿನೊಂದಿಗೆ ಹಾಕಿಸಬೇಕು. ನೀರಿನಲ್ಲಿ ನಿಲ್ಲುವವರು ನಮ್ಮ ತಾಯಿ, ಮಕ್ಕಳು.

ನನ್ನ ಮೆಚ್ಚಿನ ಹೀಟರ್ ಯಾವುದೆಂದು ಕೇಳಿದರೆ ಕಪ್ಪು ಕೊಳವೆಯ ಸೌರ ಚಾಪೆ. ಸ್ನಾನಕ್ಕೆ ಮಾಳಿಗೆಯ ಮೇಲೆ ಹಾಕಿಸುವ ಗಾಜಿನ ನಳಿಗೆಗಳ ಸೋಲಾರ್ ಬೇರೆ, ಇದು ಬೇರೆ. ಸ್ನಾನಕ್ಕೆ 60 ಡಿಗ್ರಿಯ ನೀರು ಬೇಕು, ಆದ್ದರಿಂದ ಗಾಜು ಬೇಕು, ನಿರ್ವಾತ ಬೇಕು. ಕೊಳಕ್ಕೆ ಬೇಕಾದದ್ದು 28. ಹವೆಗಿಂತ ತುಂಬ ಬಿಸಿಯಾಗಬೇಕಿಲ್ಲವಾದ್ದರಿಂದ ಗಾಜಿಲ್ಲದ ಸಾದಾ ಕಪ್ಪು ಚಾಪೆಯೇ ಸಾಕು, ಬೆಲೆಯೂ ಕಡಿಮೆ. ಕೊಳದ ಮೇಲ್ಮೈಯ ಅರ್ಧದಷ್ಟಾದರೂ ಚಾಪೆ ಬೇಕು, ಪೂರ್ತಿಯಷ್ಟಿದ್ದರೆ ಒಳ್ಳೆಯದು. ಇವನ ಕೊಳಕ್ಕೆ 16 ಚದರ ಮೀಟರ್ ಹಾಕಿದರೆ ಒಳ್ಳೆಯ ಬಿಸಿಲಿನ ದಿನ ಸುಮಾರು 48 ಯೂನಿಟ್ ಶಾಖ, ಅಂದರೆ ದಿನಕ್ಕೆ ಒಂದು ಡಿಗ್ರಿ. ಹೊದಿಕೆ ಉಳಿಸುವುದು ಇದಕ್ಕಿಂತ ಹೆಚ್ಚು ಎಂಬುದನ್ನು ಗಮನಿಸಿ.

ಇದನ್ನು ಕೇಳಿದ ಕೂಡಲೇ ಶಿಷ್ಯ, ತೋಟದಲ್ಲಿ ಬಿದ್ದಿರುವ ಹಳೆಯ ಡ್ರಿಪ್ ಪೈಪುಗಳನ್ನೇ ಮಾಳಿಗೆಯ ಮೇಲೆ ಹಾಸಲೇ ಎಂದ. ಬುದ್ಧಿ ಚುರುಕಾದದ್ದಕ್ಕೆ ಸಂತೋಷವಾಯಿತು. ಆದರೆ 16 ಮಿಲಿಮೀಟರ್ ದಪ್ಪದ ಕೊಳವೆಯಿಂದ 16 ಚದರ ಮೀಟರ್ ನೆರಳಾಗಬೇಕಾದರೆ ಸಾವಿರ ಮೀಟರ್ ಬೇಕು. ಹತ್ತಡಿ ಸಾಲಿನ ದ್ರಾಕ್ಷಿಯಾದರೆ ಮುಕ್ಕಾಲು ಎಕರೆಯ ಕೊಳವೆ. ಹನಿ ತೂತುಗಳಿರುವ ಹಳೆಯದು ನಡೆಯುವುದಿಲ್ಲ, ತೂತಿಲ್ಲದ ಸಾದಾ ಕೊಳವೆಯೇ ಆಗಬೇಕು. ಒಂದೇ ಉದ್ದನೆಯ ಸುರುಳಿ ಮಾಡಿದರೆ ನೀರು ಹರಿಯದು. ಎರಡು ದಪ್ಪ ಕೊಳವೆಗಳ ನಡುವೆ ಏಣಿಯ ಮೆಟ್ಟಿಲಿನಂತೆ ಹಲವನ್ನು ಜೋಡಿಸಬೇಕು. ಇಷ್ಟು ತಾಳ್ಮೆ ಇದ್ದವರು ಮಾಡಬಹುದು. ಇಲ್ಲದವರು ಸಿದ್ಧ ಚಾಪೆಯನ್ನು ಕೊಳ್ಳುವುದು ಮೇಲು.

ಇನ್ನು ತಾಯಿಯ ಮಾತು. ಇದನ್ನು ಕೊನೆಗೆ ಇಟ್ಟುಕೊಂಡದ್ದು ಅದು ಚಿಕ್ಕದೆಂದಲ್ಲ. ಮಕ್ಕಳು ಈಜಲು 27–28 ಡಿಗ್ರಿ ಸಾಕು, ಕೈಕಾಲು ಆಡಿಸಿದರೆ ಮೈ ತಾನೇ ಬಿಸಿಯಾಗುತ್ತದೆ. ಎಪ್ಪತ್ತು ದಾಟಿದವರು ಮೆಲ್ಲನೆ ಕಾಲು ಎತ್ತಿ ಇಳಿಸುವಾಗ 31–32 ಇಲ್ಲದಿದ್ದರೆ ಸ್ನಾಯು ಬಿಗಿಯುತ್ತದೆ. ಒಬ್ಬರ ಅರ್ಧ ಗಂಟೆಯ ವ್ಯಾಯಾಮಕ್ಕೆ 40,000 ಲೀಟರ್ ನೀರನ್ನು 32ಕ್ಕೆ ಏರಿಸಿ ಮೂರು ತಿಂಗಳು ಹಿಡಿದಿಡುವುದು ಯಾವ ಯಂತ್ರದಿಂದಲೂ ಹಗುರವಲ್ಲ. ಬಬಲೇಶ್ವರದಲ್ಲಿ ನನ್ನ ತಂಗಿಯ ಮನೆಯವರು ಇದಕ್ಕೆ ಬೇರೆ ದಾರಿ ಹಿಡಿದರು. ಹಿತ್ತಿಲಿನ ಪತ್ರಾಸಿನ ಕೆಳಗೆ ಎರಡು ಮೀಟರ್ ಚೌಕದ, ಎದೆಯುದ್ದಕ್ಕಿಂತ ತುಸು ಕಡಿಮೆ ಆಳದ ತೊಟ್ಟಿ. ಅಗಲ ಮೆಟ್ಟಿಲು, ಎರಡೂ ಕಡೆ ಹಿಡಿಯಲು ಕಂಬಿ, ಮೇಲೆ ಸರಿಸುವ ದಪ್ಪ ಮುಚ್ಚಳ. 4,800 ಲೀಟರ್ ನೀರು, ಒಂದು ಟ್ಯಾಂಕರ್. ಅದನ್ನು 22ರಿಂದ 32ಕ್ಕೆ ಏರಿಸಲು 56 ಯೂನಿಟ್ ಶಾಖ, ಚಿಕ್ಕ ಹೀಟ್ ಪಂಪಿನಲ್ಲಿ ಹನ್ನೊಂದು ಯೂನಿಟ್ ವಿದ್ಯುತ್. ಮುಚ್ಚಳ ಇರುವುದರಿಂದ ಮರುದಿನ ಸ್ವಲ್ಪವೇ ತುಂಬಿಕೊಟ್ಟರೆ ಸಾಕು. ಮಾಳಿಗೆಯ ಮೇಲಿನ 300 ಲೀಟರ್ ಸೋಲಾರ್ ನೀರನ್ನು ಇದಕ್ಕೆ ಬಿಟ್ಟರೆ ಆಗದೇ ಎಂದು ಕೇಳಿದ್ದರು. 60 ಡಿಗ್ರಿಯ 300 ಲೀಟರನ್ನು ಬೆರೆಸಿದರೆ ತೊಟ್ಟಿ ಏರುವುದು ಎರಡೂಕಾಲು ಡಿಗ್ರಿಯಷ್ಟೇ. ದಿನದ ಕೊರತೆ ತುಂಬಲು ಸಾಕು, ಮೊದಲ ಸಲ ಕಾಯಿಸಲು ಸಾಲದು.

ಈ ತೊಟ್ಟಿಯ ಅಳತೆಗಳನ್ನು ತಿಕೋಟಾಕ್ಕೆ ಕಳಿಸಿದ್ದೇನೆ. ಹದಿನೆಂಟು ಕಿಲೋವ್ಯಾಟಿನ ಕೊಟೇಶನ್ನನ್ನು ಅವನು ಮರಳಿಸಿದ್ದಾನೆ. ಕೊಳಕ್ಕೆ ಹೊದಿಕೆ ಬಂದಿದೆ, ತಾಯಿಯ ತೊಟ್ಟಿಗೆ ಪಾಯ ತೋಡಿಸಿದ್ದಾನೆ. ಗಾಯ ಪೂರ್ತಿ ಮಾಯ್ದ ಮೇಲೆ, ವೈದ್ಯರನ್ನು ಕೇಳಿಯೇ ಇಳಿಸಬೇಕೆಂದು ಎರಡು ಸಲ ಹೇಳಿದ್ದೇನೆ. ತೋಟದ ಮನೆಯ ಮಾಳಿಗೆಯ ಮೇಲೆ ವಿದ್ಯುತ್ತಿನ ಸೋಲಾರ್ ಹಾಕಿಸುವ ವಿಚಾರವೂ ಇದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಘಟಕಕ್ಕೆ ಕೇಂದ್ರದಿಂದ 78,000 ರೂಪಾಯಿ ಸಹಾಯಧನ ಇದೆ. ಮೂರು ಕಿಲೋವ್ಯಾಟ್ ದಿನಕ್ಕೆ ಹನ್ನೆರಡು ಯೂನಿಟ್ಟಿನ ಆಸುಪಾಸು ಕೊಡುತ್ತದೆ, ತೊಟ್ಟಿಯ ಹೀಟ್ ಪಂಪಿಗೆ ಅದು ಧಾರಾಳ.

ವಿಜಯಪುರ ನಗರದ ಶಿಷ್ಯನಿಗೂ ಒಂದು ಮಾತು ಉಳಿದಿದೆ. ಅವನು ಈಗಾಗಲೇ ಕಪ್ಪು ಚಾಪೆ ಹಾಕಿಸಿದ್ದಾನೆ, ಫೆಬ್ರುವರಿ ಕಳೆದ ಮೇಲೆ ಅದು ನಿರುಪಯೋಗವೆಂದು ಕೊರಗುತ್ತಿದ್ದಾನೆ. ಏಪ್ರಿಲ್–ಮೇ ತಿಂಗಳಲ್ಲಿ ನೀರು ಅತಿಯಾಗಿ ಕಾದಾಗ ಹೊದಿಕೆಯನ್ನು ಹಗಲು ಹಾಸಬೇಡ. ಚಾಪೆಯ ಪಂಪನ್ನು ಹಗಲು ನಿಲ್ಲಿಸಿ, ನಡುರಾತ್ರಿಯಿಂದ ಸೂರ್ಯೋದಯದವರೆಗೆ ಓಡಿಸು. ಬಿಸಿ ಮಾಡಿದ ಅದೇ ಕೊಳವೆಗಳು ರಾತ್ರಿಯ ತೆರೆದ ಆಕಾಶಕ್ಕೆ ಶಾಖ ಬಿಟ್ಟು ನೀರನ್ನು ತಣಿಸುತ್ತವೆ, ಅದೂ ಒಂದು ಹನಿಯೂ ಆವಿಯಾಗದಂತೆ. ಎಷ್ಟು ಡಿಗ್ರಿ ಇಳಿಯಿತೆಂದು ಬೆಳಗ್ಗೆ ಅಳೆದು ನನಗೆ ತಿಳಿಸು.